ನಮ್ಮ ರೋಡಲ್ಲಿ ರೇಸ್ ಯಾವಾಗ?

ಕಳೆದ ವಾರ ಕ್ಯಾಂಟೀನಲ್ಲಿ ಕೂತಿದ್ದವರಿಗೆಲ್ಲ ಒಂದು ಪ್ರಶ್ನೆ ಕೇಳಿದ್ವಿ: ನವೀನ್ ಜಾನ್ ಯಾರು ಗೊತ್ತಾ? ಒಬ್ಬ "ಪ್ಲೇಸ್‌ಮೆಂಟ್ ಆದ ಸೀನಿಯರ್ ಅಲ್ವಾ ಮಗಾ?" ಅಂದ. ಉಳಿದವರು ಸುಮ್ಮನೆ ಟೀ ಕುಡಿದರು.

ಎಂಜಿನಿಯರ್ ಅನ್ನೋದೇನೋ ನಿಜ. ನವೀನ್ ಜಾನ್ ಅಮೆರಿಕದ ಪರ್ಡ್ಯೂನಲ್ಲಿ ಎಲೆಕ್ಟ್ರಿಕಲ್ ಓದಿದವರು. ಅಲ್ಲೇ ಸೈಕಲ್ ಹುಚ್ಚು ಹಿಡಿದು, ಆಮೇಲೆ ಬೆಂಗಳೂರಲ್ಲಿ ನೆಲೆಸಿ, ಒಂದಕ್ಕಿಂತ ಹೆಚ್ಚು ಸಲ ಟೈಮ್ ಟ್ರಯಲ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. ಬೆಲ್ಜಿಯಂನ ಊರೂರಿನ ರೇಸುಗಳಲ್ಲಿ ತುಳಿದರು, ಆಸ್ಟ್ರೇಲಿಯಾದ ಕಾಂಟಿನೆಂಟಲ್ ತಂಡವೊಂದಕ್ಕೆ ಸೇರಿದರು. 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅರವಿಂದ್ ಪನ್ವರ್ ಜೊತೆ ಭಾರತದ ಪರ ಟೈಮ್ ಟ್ರಯಲ್‌ಗೆ ಇಳಿದರು. (ಟೈಮ್ ಟ್ರಯಲ್ ಅಂದ್ರೆ ಒಬ್ಬೊಬ್ಬರೇ ಗಡಿಯಾರದ ಜೊತೆ ಗುದ್ದಾಡೋದು. ಲ್ಯಾಬ್ ಎಕ್ಸಾಮ್ ಥರ, ಮುಂದಿರೋನ ಬೆನ್ನ ಹಿಂದೆ ಅಡಗೋಕಾಗಲ್ಲ.)

ಇಷ್ಟೆಲ್ಲ ಮಾಡಿದವರ ಹೆಸರು ನಮ್ಮ ಕ್ಯಾಂಪಸ್ಸಿಗೇ ಗೊತ್ತಿಲ್ಲ. "ನಮ್ಮ ಜನಕ್ಕೆ ಕ್ರಿಕೆಟ್ ಬಿಟ್ರೆ ಏನೂ ಬೇಡ" ಅಂತ ಹೇಳಿ ಕೈ ತೊಳ್ಕೊಳ್ಳೋದನ್ನ ನಾವು ಒಪ್ಪಲ್ಲ. ನೋಡದೇ ಇರೋದನ್ನ ಯಾರು ತಾನೇ ಇಷ್ಟಪಡ್ತಾರೆ?

ಫ್ರಾನ್ಸಿನ ರೇಮಂಡ್ ಪುಲಿಡೋರ್ ಕಥೆ ಕೇಳಿ. 1936ರಲ್ಲಿ ರೈತಾಪಿ ಮನೆಯಲ್ಲಿ ಹುಟ್ಟಿದವರು. 14 ಸಲ ಟೂರ್ ಡಿ ಫ್ರಾನ್ಸ್‌ನಲ್ಲಿ ತುಳಿದು 8 ಸಲ ಮೊದಲ ಮೂರರೊಳಗೆ ಬಂದರು, ಆದ್ರೆ ಒಂದು ಸಲವೂ ಗೆಲ್ಲಲಿಲ್ಲ. ಮುಂದಿರುವವರು ಹಾಕೋ ಹಳದಿ ಜೆರ್ಸಿ ಒಂದೇ ಒಂದು ದಿನಕ್ಕೂ ಮೈಮೇಲೆ ಬರಲಿಲ್ಲ. 1964ರಲ್ಲಿ ಪುಯಿ ದ ಡೋಮ್ ಬೆಟ್ಟದ ಏರಿನಲ್ಲಿ ಜಾಕ್ ಆಂಕೆಟಿಲ್ ಜೊತೆ ಭುಜಕ್ಕೆ ಭುಜ ತಾಗಿಸಿಕೊಂಡು ಹತ್ತಿದರು, ಕೊನೆಗೆ ಇಡೀ ಟೂರನ್ನ ಬರೀ 55 ಸೆಕೆಂಡಲ್ಲಿ ಕಳ್ಕೊಂಡರು. ಐದು ಟೂರ್ ಗೆದ್ದ ಆಂಕೆಟಿಲ್‌ಗಿಂತ ಜನ ಪುಲಿಡೋರ್ ಅವರನ್ನೇ ಹೆಚ್ಚು ಪ್ರೀತಿಸಿದರು, "ಪೂಪೂ" ಅಂತ ಮುದ್ದಿನ ಹೆಸರಿಟ್ಟರು. 1977ರಲ್ಲಿ ನಿವೃತ್ತಿಯಾದ ಮೇಲೂ ಟೂರ್ ಬಂತೆಂದರೆ ಪ್ರಾಯೋಜಕರು ಕೊಟ್ಟ ಹಳದಿ ಅಂಗಿ ಹಾಕ್ಕೊಂಡು ಹೋಗ್ತಿದ್ದರು (ಕೊನೆಗೂ ಸಿಕ್ಕಿತಲ್ಲ!). 2019ರಲ್ಲಿ ತೀರಿಕೊಳ್ಳೋವರೆಗೂ ಆ ಜನಪ್ರಿಯತೆ ಇಳೀಲಿಲ್ಲ.

ಯಾಕೆ ಅಂದ್ರೆ ಅವರು ಸೋತಿದ್ದನ್ನ ಜನ ಎರಡು ಮಾರು ದೂರದಲ್ಲಿ ನಿಂತು ನೋಡಿದ್ದರು. ರೋಡ್ ರೇಸ್‌ಗೆ ಟಿಕೆಟ್ ಇಲ್ಲ, ಸ್ಟೇಡಿಯಂ ಬೇಡ. ಮನೆ ಮುಂದೇನೇ ಹೋಗುತ್ತೆ.

ಕೈಲಾಂಚದ ಕಡೆ ನಮ್ಮ ಮನೆಗಳ ಮುಂದೇನೂ ಭಾನುವಾರ ಬೆಂಗಳೂರಿನ ಸೈಕಲ್ ಸವಾರರು ಹೋಗ್ತಾರೆ. ಡೇರಿ ಹತ್ರ ಹಾಲಿನ ಕ್ಯಾನ್ ಹಿಡಿದು ನಿಂತವರು ನೋಡಿ, "ಕಾರು ತಗೊಳ್ಳೋ ದುಡ್ಡಿಟ್ಕೊಂಡು ಸೈಕಲ್ ತುಳೀತಾವಲ್ಲಪ್ಪ" ಅಂತಾರೆ. ತಪ್ಪೇನಿದೆ? ಯಾರು ಮುಂದೆ, ಯಾರು ಹಿಂದೆ ಅಂತಲೇ ಗೊತ್ತಿಲ್ಲದೆ ಯಾರಿಗೆ ಅಂತ ಚಪ್ಪಾಳೆ ತಟ್ಟೋದು? ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ತರ್ತಿದ್ದಾರೆ. ಅವರನ್ನೂ ನಾವು ಪೇಪರ್‌ನ ಮೂಲೆಯಲ್ಲಿ ಮಾತ್ರ ನೋಡಿರೋದು.

ಅದಕ್ಕೇ ಫೆಸ್ಟ್ ಕಮಿಟಿಗೆ ನಮ್ಮದೊಂದು ಬೇಡಿಕೆ. ಡಿಜೆಗೆ ಇಡೋ ದುಡ್ಡಲ್ಲಿ ಸ್ವಲ್ಪ ಇತ್ತ ಕೊಡಿ. ಒಂದು ಭಾನುವಾರ ಬೆಳಗ್ಗೆ, ಎರಡೇ ಗಂಟೆ, ಕೈಲಾಂಚದಿಂದ ರಾಮನಗರಕ್ಕೆ ರೇಸ್. ಗೇರ್ ಸೈಕಲ್ಲೇ ಆಗಬೇಕಂತಿಲ್ಲ, ಸ್ಕೂಲ್‌ಗೆ ತುಳೀತಿದ್ದ ಸೈಕಲ್ ತಂದರೂ ಸಾಕು. ಗೆದ್ದವರಿಗೆ ಹಳದಿ ಟೀ ಶರ್ಟ್, ನಮ್ಮ ಕಡೆಯ ರೇಷ್ಮೆ ಗೂಡಿನದೇ ಬಣ್ಣ. ಎರಡನೆಯವರಿಗೆ ಏನು ಕೊಡೋದು ಅಂತ ಇನ್ನೂ ಜಗಳ ಆಡ್ತಿದ್ದೀವಿ.

ಪೊಲೀಸ್ ಅನುಮತಿಗೆ ಅರ್ಜಿ ಬರೆದಾಗಿದೆ. ಪ್ರಿನ್ಸಿಪಾಲರ ಸಹಿ ಒಂದು ಬಾಕಿ.