ಬಂದೂಕಿಗೊಂದು ದುರ್ಬೀನು

ತಾಳಗುಪ್ಪದ ಓದುಗರೊಬ್ಬರು ಕೇಳಿದ್ದಾರೆ: ತಂದೆಯವರು ಬಳಸುತ್ತಿದ್ದ ಬೋಲ್ಟ್ ರೈಫಲು ತಮ್ಮ ಪಾಲಿಗೆ ಬಂದಿದೆ; ಅದಕ್ಕೆ ದುರ್ಬೀನು ಜೋಡಿಸುವುದು ಯೋಗ್ಯವೆ?

ಮೊದಲು ಕಾಗದಪತ್ರದ ಮಾತು. 1959ರ ಆಯುಧ ಕಾಯಿದೆಯಂತೆ ತಂದೆಯ ಹೆಸರಿನ ಪರವಾನಗಿ ಮಗನಿಗೆ ಸಲ್ಲದು. ಸ್ವಂತ ಪರವಾನಗಿ ದೊರೆಯುವವರೆಗೆ ಕೋವಿ ಪೊಲೀಸ್ ಠಾಣೆಯಲ್ಲೋ ಪರವಾನಗಿ ಪಡೆದ ವ್ಯಾಪಾರಿಯಲ್ಲೋ ಇರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಡನೆ ಶಿಕಾರಿಯೆಂಬ ವಿನೋದವೂ ಮುಗಿಯಿತು. ಆದುದರಿಂದ ನನ್ನ ಉತ್ತರವೆಲ್ಲ ಗುರಿಹಲಗೆಯನ್ನು ಕುರಿತದ್ದು.

ಹಳೆಯ ಶಿಕಾರಿಗಳಿಗೆ ದುರ್ಬೀನಿನ ಹಂಬಲವಿರಲಿಲ್ಲ. ಇದೇ ಸಾಗರ ತಾಲ್ಲೂಕಿನ ತ್ಯಾಗರ್ತಿಯ ಹುಲಿಗಳ ಕಥೆ ಬರೆದ ಕೆನೆತ್ ಆಂಡರ್ಸನ್ ನೆಚ್ಚಿದ್ದುದು 405 ವಿಂಚೆಸ್ಟರನ್ನು. ಅದು ಬೋಲ್ಟಿನದೂ ಅಲ್ಲ, ಸನ್ನೆ ಎಳೆದು ತೋಟಾ ಏರಿಸುವ ಬಂದೂಕು. ಜಿಮ್ ಕಾರ್ಬೆಟ್ಟರ 275 ರಿಗ್ಬಿಯಾದರೋ ಮೌಸರ್ ಬೋಲ್ಟಿನದು. 1926ರಲ್ಲಿ ರುದ್ರಪ್ರಯಾಗದ ಚಿರತೆಯನ್ನು ಕೊಂದಾಗ ಅವರು ಬಂದೂಕಿಗೆ ಕಟ್ಟಿದ್ದುದು ಬ್ಯಾಟರಿ ದೀಪವನ್ನು. ನಮ್ಮ ಬಿದಿರುಮೆಳೆಗಳಲ್ಲಿ ನಲವತ್ತು ಗಜದಾಚೆ ಕಾಣುವುದೇ ಅಪರೂಪವಾಗಿರುವಾಗ ದುರ್ಬೀನಿನಿಂದ ಅವರಿಗೇನು ಲಾಭ?

ಗುರಿಹಲಗೆಯ ನೂರು ಗಜಕ್ಕೆ ಅದು ಉಪಯುಕ್ತವೇ. ನಾಲ್ಕು ಪಟ್ಟು ಹಿಗ್ಗಿಸುವಂಥದು ಸಾಕು. ಆದರೆ ಹಳೆಯ ಮೌಸರಿನ ಮೇಲೆ ಅದನ್ನು ತಗ್ಗಾಗಿ ಕೂರಿಸುವುದು ಸುಲಭವಲ್ಲ. ಬೋಲ್ಟಿನ ಹಿಡಿ ಮೇಲೆದ್ದಾಗ ದುರ್ಬೀನಿಗೆ ತಾಗುತ್ತದೆ. ಹಿಂಬದಿಯ ಸುರಕ್ಷಾಕೀಲಿಯೂ ತಾಗುತ್ತದೆ. ಹಿಡಿಯನ್ನು ಬಗ್ಗಿಸಿ, ಕೀಲಿಯನ್ನು ಬದಲಿಸಬೇಕು. ಇದು ಊರ ಕಮ್ಮಾರನ ಕೆಲಸವಲ್ಲ: ಉಕ್ಕು ಅತಿಯಾಗಿ ಕಾದರೆ ಬೋಲ್ಟಿನ ಹದವೇ ಕೆಡುವುದು, ಗುಂಡು ಸಿಡಿಯುವಾಗ ಅದರ ಹಿಂದಿರುವುದು ನಿಮ್ಮ ಮುಖ. ಕಾನೂನೂ ಇದನ್ನು ಪರವಾನಗಿಯುಳ್ಳ ಕುಶಲಿಗೇ ಬಿಟ್ಟಿದೆ. ಕಣ್ಣಿಗೂ ಗಾಜಿಗೂ ಮೂರು ಅಂಗುಲದಷ್ಟು ಅಂತರವಿರಲಿ. ಇಲ್ಲವಾದರೆ ಒದೆತಕ್ಕೆ ಹುಬ್ಬು ಸೀಳುತ್ತದೆ.

ಇನ್ನು ಮಲೆನಾಡಿನ ಮಳೆ! ಆಷಾಢದಲ್ಲಿ ಮರದ ದಿಮ್ಮಿ ನೀರು ಹೀರಿ ಉಬ್ಬಿ ನಳಿಗೆಗೆ ಒತ್ತಿಕೊಂಡಿತೆಂದರೆ, ಬೇಸಗೆಯಲ್ಲಿ ಹೊಂದಿಸಿದ ಗುರಿ ಪಕ್ಕಕ್ಕೆ ಸರಿಯುತ್ತದೆ. ದೋಷವನ್ನು ದುರ್ಬೀನಿನ ಮೇಲೆ ಹೊರಿಸಿ ತಿರುಪು ತಿರುಗಿಸುವವರು ಬಹಳ. ದಿಮ್ಮಿಗೂ ನಳಿಗೆಗೂ ನಡುವೆ ಕಾಗದದೆಳೆ ಜಾರುವಷ್ಟು ಎಡೆ ಬಿಡಿಸಿ, ಒಳಮೈಗೂ ಎಣ್ಣೆ ಹಚ್ಚಿಸಿರಿ. ನೈಟ್ರೋಜನ್ ತುಂಬಿ ಮುಚ್ಚಿದ ದುರ್ಬೀನನ್ನೇ ಕೊಳ್ಳಿರಿ. ಅಗ್ಗದ್ದು ಒಂದೇ ಮಳೆಗಾಲಕ್ಕೆ ಒಳಗೇ ಮಂಜುಗಟ್ಟೀತು.

ಹೊಸ ರೈಫಲನ್ನೇ ಕೊಳ್ಳುವುದಾದರೆ ತೋಟಾ ದೊರೆಯುವುದೆಲ್ಲಿ ಎಂದು ಮೊದಲು ವಿಚಾರಿಸಿರಿ. 303 ಬೋರ್ ಸೈನ್ಯದ್ದಾದುದರಿಂದ ಜನಸಾಮಾನ್ಯರಿಗೆ ನಿಷಿದ್ಧ. ಬಂಗಾಳದ ಇಶಾಪುರ ಕಾರ್ಖಾನೆಯ 315 ಬೋರ್ ರೈಫಲು ಲೀ-ಎನ್‌ಫೀಲ್ಡ್ ಮಾದರಿಯ ಬೋಲ್ಟಿನದೇ. ನೋಟಕ್ಕೆ ಒರಟು, ಕೆಲಸಕ್ಕೆ ಅಡ್ಡಿಯಿಲ್ಲ.

ಮಕ್ಕಳಿರುವ ಮನೆಯಾದುದರಿಂದ ಮತ್ತೊಂದು ಮಾತು. ದುರ್ಬೀನು ಬಂದೊಡನೆ ಮನೆಯವರೆಲ್ಲರಿಗೂ ಜಗಲಿಯಲ್ಲಿ ನಿಂತು ಎದುರಿನ ಅಡಿಕೆ ತೋಟವನ್ನು ಅದರಲ್ಲಿ ನೋಡುವ ಆಸೆಯಾಗುತ್ತದೆ. ದುರ್ಬೀನು ತಿರುಗಿದತ್ತ ನಳಿಗೆಯೂ ತಿರುಗುವುದೆಂಬುದನ್ನು ಮರೆಯುತ್ತಾರೆ. ರೈಫಲಿನ ಗುಂಡಾದರೋ ಮೈಲಿಯಾಚೆಗೂ ಹೋಗಬಲ್ಲುದು. ತೋಟದಲ್ಲಿ ಕೊನೆ ಕೊಯ್ಯುವವರಿರುತ್ತಾರೆ. ತೋಟ ನೋಡಲು ಕೈದುರ್ಬೀನೊಂದನ್ನು ಬೇರೆಯಾಗಿಯೇ ಕೊಂಡಿಡಿರಿ; ಬೋಲ್ಟನ್ನು ಕಳಚಿ ಬೇರೊಂದು ಪೆಟ್ಟಿಗೆಯಲ್ಲಿ ಬೀಗ ಹಾಕಿಡಿರಿ.