ತಳದ ಗುರುತನ್ನು ಕೊನೆಗೆ ನೋಡಿ

ಹಳೆಯ ಪಿಂಗಾಣಿ ಕಪ್ ಕೈಗೆ ಸಿಕ್ಕರೆ ಎಲ್ಲರೂ ಮೊದಲು ಮಾಡೋದು ಒಂದೇ ಕೆಲಸ. ಕವುಚಿ ತಳ ನೋಡೋದು. ನಾನು ಮಾತ್ರ ಅದನ್ನು ಕೊನೆಗೆ ನೋಡಿ ಅಂತೀನಿ. ಚಿತ್ರ ಬಿಡಿಸೋಕೆ ಪಳಗಿದ ಕೈ ಬೇಕು, ಎರಡು ಗೆರೆ ಎಳೆಯೋಕೆ ಯಾರಾದರೂ ಸಾಕು. ನಕಲು ಮಾಡುವವರು ಮೊದಲು ಕೈ ಹಾಕೋದೇ ಆ ಗುರುತಿಗೆ.

ಅತಿ ಹೆಚ್ಚು ನಕಲಾದ ಗುರುತುಗಳಲ್ಲಿ ಒಂದು ಮೈಸನ್‌ನ ಅಡ್ಡಕತ್ತಿ. ಜರ್ಮನಿಯ ಸ್ಯಾಕ್ಸನಿಯ ದೊರೆ ಆಗಸ್ಟಸ್, ಚಿನ್ನ ಮಾಡಿಕೊಡ್ತೀನಿ ಅಂದ ಬ್ಯೋಟ್ಗರ್ ಎಂಬ ಹುಡುಗನನ್ನು ಕೂಡಿಹಾಕಿದ್ದ. ಚಿನ್ನವೇನೂ ಬರಲಿಲ್ಲ. ಆದರೆ ವಿಜ್ಞಾನಿ ಚಿರ್ನ್‌ಹೌಸ್ ಜೊತೆ ಸೇರಿ ಅವನು ಚೀನಾದಂಥ ಪಿಂಗಾಣಿಯ ಗುಟ್ಟು ಬಿಡಿಸಿದ. 1710ರಲ್ಲಿ ಕಾರ್ಖಾನೆ ಶುರುವಾಯಿತು. ಗುಟ್ಟು ಹೊರಗೆ ಸೋರಿ ಪೈಪೋಟಿ ಹುಟ್ಟಿದಾಗ ಗುರುತು ಬೇಕಾಯಿತು, 1720ರ ದಶಕದಲ್ಲಿ ಸ್ಯಾಕ್ಸನಿಯ ಲಾಂಛನದಿಂದ ಎರಡು ಕತ್ತಿ ಬಂದವು. ಅದನ್ನು ಕದ್ದವರು ಬೀದಿಬದಿಯ ವ್ಯಾಪಾರಿಗಳಷ್ಟೇ ಅಲ್ಲ. ಇಂಗ್ಲೆಂಡಿನ ಹೆಸರಾಂತ ವೂಸ್ಟರ್ ಕಾರ್ಖಾನೆಯೂ ಕೆಲವು ಸಾಮಾನಿನ ಮೇಲೆ ಕತ್ತಿ ಹಾಕಿತ್ತು! ಡ್ರೆಸ್ಡೆನ್‌ನ ಹೆಲೆನಾ ವುಲ್ಫ್‌ಸೋನ್, ದೊರೆಯ ಹೆಸರಿನ 'ಎಆರ್' ಅಕ್ಷರಗಳನ್ನೇ ತನ್ನ ಕಪ್‌ಗಳ ಮೇಲೆ ಬರೆಸುತ್ತಿದ್ದಳು. ಮೈಸನ್‌ನವರು ಕೋರ್ಟಿಗೆ ಹೋದ ಮೇಲೆ ನಿಲ್ಲಿಸಿದಳು.

ಹೋದ ತಿಂಗಳು ಲೈಪ್‌ಜಿಗ್‌ನಲ್ಲಿ ಕೆಲಸದಲ್ಲಿರುವ ಅಕ್ಕನ ಮಗಳ ವಾಟ್ಸಾಪ್ ಬಂತು. "ಚಿಕ್ಕಮ್ಮ, ನೀಲಿ ಕತ್ತಿ ಇದೆ, ಮಧ್ಯೆ ಚುಕ್ಕಿನೂ ಇದೆ. 1770ರದ್ದಂತೆ, 900 ಯೂರೋ. ತಗೊಳ್ಳಲಾ?" ಅವಳ ಮೊದಲ ಬೋನಸ್‌ನ ಮುಕ್ಕಾಲು ಪಾಲು ಅದು. "ಚುಕ್ಕಿ ಎಲ್ಲಿದೆ ಅಂತ ಝೂಮ್ ಮಾಡಿ ಕಳಿಸು ಪುಟ್ಟಿ" ಅಂದೆ. ಚುಕ್ಕಿ ಕೆಳಗೆ, ಕತ್ತಿಯ ಹಿಡಿಗಳ ನಡುವೆ ಇದ್ದರೆ 1763ರಿಂದ 1774ರ ಕಾಲ. ಅಲ್ಲಿ ಚುಕ್ಕಿಯ ಬದಲು ನಕ್ಷತ್ರ ಇದ್ದರೆ ಅದರ ನಂತರದ್ದು, 1814ರವರೆಗಿನದ್ದು. ಚುಕ್ಕಿ ಮೇಲೆ, ಕತ್ತಿಯ ತುದಿಗಳ ನಡುವೆ ಇದ್ದರೆ 1924ರಿಂದ 1934. ಫೋಟೋ ಬಂತು. ಚುಕ್ಕಿ ಮೇಲಿತ್ತು.

ಅಂದರೆ ಕಪ್ ನಕಲಿ ಅಲ್ಲ, ಅಪ್ಪಟ ಮೈಸನ್ನೇ. ಹೇಳಿದ್ದಕ್ಕಿಂತ ನೂರೈವತ್ತು ವರ್ಷ ಚಿಕ್ಕದು, ಅಷ್ಟೇ. ಮಾರುವವನು ಮೋಸಗಾರ ಅಂತಲೂ ಹೇಳೋಕಾಗಲ್ಲ, ಅವನಿಗೂ ಗೊತ್ತಿಲ್ಲದಿರಬಹುದು. ಇವಳು ಚುಕ್ಕಿ ವಿಷಯ ಎತ್ತಿದ ಮೇಲೆ ಅವನು ಉತ್ತರ ಕೊಟ್ಟಿಲ್ಲ. ಅವಳಿಗೆ ಆ ಕಪ್ ಮೇಲೆ ಇನ್ನೂ ಮನಸ್ಸಿದೆ. 1920ರ ದಶಕದ ಬೆಲೆಗೆ ಕೊಟ್ಟರೆ ತಗೋ ಅಂದಿದ್ದೀನಿ.

ಕಪ್ ಕೈಯಲ್ಲೇ ಇದ್ದರೆ ಉಗುರು ಉಪಯೋಗಿಸಿ. ಮೈಸನ್ ಕತ್ತಿಗಳನ್ನು ಮೆರುಗು ಹಾಕುವ ಮೊದಲೇ ಕೋಬಾಲ್ಟ್ ನೀಲಿಯಲ್ಲಿ ಬರೀತಾರೆ, ಹಾಗಾಗಿ ಗಾಜಿನಂಥ ಮೆರುಗಿನ ಕೆಳಗಿರುವ ಬಣ್ಣ ಉಗುರಿಗೆ ತಾಗೋದಿಲ್ಲ. ಬಣ್ಣ ತಾಗಿದರೆ ಯಾರೋ ಆಮೇಲೆ ಬರೆದದ್ದು ಅಂತ ಅನುಮಾನ ಪಡಿ. ಕತ್ತಿಗಳ ಮೇಲೆ ಅಡ್ಡಡ್ಡ ಗೀರು ತಾಗಿದರೆ ಅದು ಬೇರೆಯೇ ಕಥೆ. ದೋಷವಿರುವ ಎರಡನೇ ದರ್ಜೆಯ ಸಾಮಾನಿಗೆ ಕಾರ್ಖಾನೆಯವರೇ ಹಾಗೆ ಗೀರುತ್ತಿದ್ದರು. ಜಾಹೀರಾತಿನಲ್ಲಿ ಇದನ್ನು ಹೇಳುವವರು ಕಡಿಮೆ!

ಫ್ರಾನ್ಸಿನ ಸೆವ್ರ್ ವಿಷಯದಲ್ಲಿ ಇನ್ನೂ ಕಷ್ಟ. ಹೆಣೆದುಕೊಂಡ ಎರಡು 'ಎಲ್' ಅದರ ಗುರುತು, ನಡುವಿನ ಅಕ್ಷರ ವರ್ಷ ಹೇಳುತ್ತೆ. 'ಎ' ಅಂದರೆ 1753. ಓದೋಕೆ ಚೆಂದ, ನಂಬೋಕೆ ಕಷ್ಟ. 1800ರ ನಂತರ ಕಾರ್ಖಾನೆಯೇ ತನ್ನ ಹಳೆಯ ಬಿಳಿ ತಟ್ಟೆಗಳನ್ನು ಮಾರಿಬಿಟ್ಟಿತು. ಹೊರಗಿನವರು ಅವುಗಳ ಮೇಲೆ ಚಿತ್ರ ಬರೆದು ಹಳೇ ಸೆವ್ರ್ ಅಂತ ಮಾರಿದರು. ತಟ್ಟೆ ಅಸಲಿ, ಚಿತ್ರ ನಕಲಿ!

'ಜೇನುಗೂಡಿನ ಗುರುತು' ಅಂತ ಯಾರಾದರೂ ಹೇಳಿದರೆ ಫೋಟೋ ತಲೆಕೆಳಗು ಮಾಡಿ. ಅದು ವಿಯೆನ್ನಾದ ಗುರಾಣಿ. 1744ರಲ್ಲಿ ಆಸ್ಟ್ರಿಯಾ ಸರ್ಕಾರ ವಹಿಸಿಕೊಂಡ ಆ ಕಾರ್ಖಾನೆ 1864ರಲ್ಲಿ ಮುಚ್ಚಿತು, ಗುರಾಣಿಯನ್ನು ಮಾತ್ರ ಬೇರೆಯವರು ಆಮೇಲೂ ಬಳಸಿದರು. ಇನ್ನು ಲಿಮೋಜ್ ಅನ್ನೋದು ಕಂಪನಿಯಲ್ಲ, ಊರು. ಅಲ್ಲಿ ಹತ್ತಾರು ಕಾರ್ಖಾನೆಗಳಿದ್ದವು.

ಬ್ರಿಟಿಷ್ ಸಾಮಾನಾದರೆ ತಲೆನೋವು ಕಡಿಮೆ. 1842ರಿಂದ 1883ರವರೆಗೆ ನೋಂದಾಯಿಸಿದ ವಿನ್ಯಾಸಗಳಿಗೆ ಡೈಮಂಡ್ ಆಕಾರದ ಮುದ್ರೆ ಇತ್ತು, ಅದರ ಮೂಲೆಗಳಲ್ಲಿ ವರ್ಷ, ತಿಂಗಳ ಸಂಕೇತ. ಅದು ವಿನ್ಯಾಸ ನೋಂದಣಿಯಾದ ದಿನ, ಕಪ್ ತಯಾರಾದ ದಿನವಲ್ಲ. 1891ರಿಂದ ಅಮೆರಿಕಕ್ಕೆ ಹೋಗುವ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಕಾನೂನು ಬಂತು. ಆದ್ದರಿಂದ ತಳದಲ್ಲಿ 'ಇಂಗ್ಲೆಂಡ್' ಅಂತಲೋ 'ಜರ್ಮನಿ' ಅಂತಲೋ ಇಂಗ್ಲಿಷಿನಲ್ಲಿ ಅಚ್ಚಾಗಿದ್ದು, ಮೇಲೆ 'ಹದಿನೆಂಟನೇ ಶತಮಾನದ್ದು' ಅಂತ ಬರೆದಿದ್ದರೆ ಬೆಲೆ ಕೂಡ ಕೇಳಬೇಡಿ, ಸ್ಕ್ರಾಲ್ ಮಾಡ್ತಾ ಹೋಗಿ.