ನಮ್ಮ ದಂದಕ್ಕಿ, ಬೆತ್ಲೆಹೇಮಿನ ಗೋದಲಿ

ಆಗಮನಕಾಲ ಬಂದೊಡನೆ ನಮ್ಮ ದೇವಾಲಯಗಳಲ್ಲಿಯೂ ಮನೆಗಳಲ್ಲಿಯೂ ಗೋದಲಿಯ ಸಿದ್ಧತೆ ಮೊದಲಾಗುತ್ತದೆ. ಹುಲ್ಲಿನ ಮಾಡು, ಬಿದಿರಿನ ಗೋಡೆ, ಬಣ್ಣದ ದೀಪಗಳು. ನೆಲದ ಮೇಲೆ ಹರಡಿದ ಹತ್ತಿ. ನಮ್ಮದೇ ಎರೆಹೊಲದ ಹತ್ತಿಯನ್ನು ನಾವು ಎಂದೂ ಕಾಣದ ಪರದೇಶದ ಹಿಮವನ್ನಾಗಿ ಮಾಡುತ್ತೇವೆ. ಆದರೆ ಗೋದಲಿ ಎಂಬುದು ಗುಡಿಸಲಿನ ಹೆಸರಲ್ಲ, ದನಗಳಿಗೆ ಮೇವು ಹಾಕುವ ತಾಣದ ಹೆಸರು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರಲ್ಲಿ ಅನೇಕರು ಹುಟ್ಟಿ ಬೆಳೆದ ಮನೆಯೊಳಗೇ ಗೋದಲಿಯಿತ್ತು.

ಈ ಸೀಮೆಯ ಹಳೆಯ ಒಕ್ಕಲುಮನೆಯ ರಚನೆಯನ್ನು ಒಮ್ಮೆ ನೆನೆಯೋಣ. ದೊಡ್ಡ ಬಾಗಿಲನ್ನು ದಾಟಿದೊಡನೆ ಸಿಗುವುದು ದಂದಕ್ಕಿ, ಅಂದರೆ ದನಗಳನ್ನು ಕಟ್ಟುವ ತಗ್ಗಿನ ಅಂಕಣ. ಅದರ ಮಗ್ಗುಲಲ್ಲಿ ಕಟ್ಟೆಯಂತೆ ಎತ್ತರಿಸಿದ ಪಡಸಾಲೆ. ಅದು ಮನುಷ್ಯರ ವಾಸಸ್ಥಾನ. ಗೋಡೆಗಳು ಎರಡು-ಮೂರು ಅಡಿ ದಪ್ಪ; ಕಲ್ಲಿನ ಮೇಲೆ ಕಲ್ಲಿಟ್ಟು ಕೆಸರಿನಿಂದ ಕಟ್ಟಿದವು. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಸೊಪ್ಪುಸೆದೆ, ಅದರ ಮೇಲೆ ದಪ್ಪನಾಗಿ ಬಡಿದ ಮಣ್ಣು: ಇದೇ ಮೇಲ್ಮುದ್ದೆ. ಕಿಟಕಿಗಳು ವಿರಳ, ಬೆಳಕು ಮಾಳಿಗೆಯ ಬೆಳಕಿಂಡಿಯಿಂದಲೇ ಇಳಿದು ಬರಬೇಕು. ಬೇಸಿಗೆಯ ಉರಿಯನ್ನು ಹೊರಗೇ ತಡೆದು ಒಳಗನ್ನು ತಂಪಾಗಿಡುವ ಈ ವಿದ್ಯೆಯನ್ನು ನಮ್ಮ ಉಪ್ಪಾರರು, ಬಡಿಗರು ಯಾವ ಪುಸ್ತಕದಿಂದಲೂ ಕಲಿತಿರಲಿಲ್ಲ.

ಮನೆಗೆ ಹೊಂದಿ ಕಣ ಹಾಗೂ ಹಗೇವು ಇದ್ದವು. ಕಣದ ನಡುವೆ ಮೇಟಿಯನ್ನು ನೆಟ್ಟು, ಅದರ ಸುತ್ತ ಎತ್ತುಗಳನ್ನು ತಿರುಗಿಸಿ ಹಂತಿ ಹೊಡೆದು, ರೋಣಗಲ್ಲು ಉರುಳಿಸಿ ಜೋಳವನ್ನು ರಾಶಿ ಮಾಡುತ್ತಿದ್ದರು. ಆ ರಾಶಿ ಹಗೇವನ್ನು ಸೇರುತ್ತಿತ್ತು. ಹಗೇವೆಂದರೆ ನೆಲದೊಳಗಿನ ಕಣಜ. ಬಾಯಿ ಕಿರಿದು, ಒಡಲು ಹಿರಿದು. ಒಳಬದಿಗೆ ಹುಲ್ಲು-ಹೊಟ್ಟನ್ನು ಒತ್ತಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ಉಸಿರಾಡಿ ಇದ್ದಷ್ಟು ಪ್ರಾಣವಾಯುವನ್ನು ಮುಗಿಸುತ್ತಲೇ ಹುಳುಗಳಿಗೆ ಬದುಕುವ ದಾರಿಯಿಲ್ಲವಾಗುತ್ತದೆ. ಆದುದರಿಂದ ಜೋಳ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಅದೇ ಕಾರಣದಿಂದ ತೆರೆದೊಡನೆ ಹಗೇವಿಗೆ ಇಳಿಯುವುದು ಪ್ರಾಣಕ್ಕೆ ಎರವು. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕೆಂಬುದು ಹಿರಿಯರ ಎಚ್ಚರಿಕೆಯಾಗಿತ್ತು. 1876–78ರ ಮಹಾಬರದಂತಹ ಕಾಲದಲ್ಲಿ, ಹಗೇವಿನಲ್ಲಿ ಕಾಳಿದ್ದ ಮನೆಗೂ ಇಲ್ಲದ ಮನೆಗೂ ಇದ್ದ ಅಂತರವು ಬದುಕಿಗೂ ಸಾವಿಗೂ ಇರುವ ಅಂತರವೇ ಆಗಿತ್ತು.

ಈಗ ಸಂತ ಲೂಕರ ಶುಭಸಂದೇಶವನ್ನು ಕೈಗೆತ್ತಿಕೊಳ್ಳೋಣ. ಮಾತೆ ಮರಿಯಮ್ಮನವರಿಗೆ ಛತ್ರದಲ್ಲಿ ಸ್ಥಳ ದೊರೆಯಲಿಲ್ಲವೆಂದು ನಾವು ಓದುತ್ತ ಬಂದಿದ್ದೇವೆ. ಆದರೆ ಅಲ್ಲಿ ಲೂಕರು ಬಳಸಿದ ಗ್ರೀಕ್ ಪದ ‘ಕತಾಲುಮ’. ಕಡೆಯ ಭೋಜನ ನಡೆದ ಮನೆಯ ಕೋಣೆಗೂ ಅವರು ಇದೇ ಪದವನ್ನು ಬಳಸುತ್ತಾರೆ. ಒಳ್ಳೆಯ ಸಮಾರಿಯದವನ ಸಾಮತಿಯಲ್ಲಿ ನಿಜವಾದ ಛತ್ರದ ಪ್ರಸ್ತಾಪ ಬಂದಾಗ ಅವರ ಪದವೇ ಬೇರೆ. ಆದುದರಿಂದ ಬೆತ್ಲೆಹೇಮಿನಲ್ಲಿ ತುಂಬಿಹೋಗಿದ್ದುದು ಮನೆಯ ಅತಿಥಿಕೋಣೆ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಆ ನಾಡಿನ ರೈತರ ಮನೆಯಲ್ಲಿಯೂ ತಗ್ಗಿನ ಭಾಗ ದನಗಳಿಗೆ, ಎತ್ತರದ ಭಾಗ ಮನುಷ್ಯರಿಗೆ ಮೀಸಲಾಗಿತ್ತು. ಈ ವಿವರಣೆಯನ್ನು ಒಪ್ಪುವುದಾದರೆ, ಬಾಲಯೇಸು ಹುಟ್ಟಿದ್ದು ಊರಾಚೆಯ ಪಾಳು ಗುಡಿಸಲಿನಲ್ಲಲ್ಲ. ಕಿಕ್ಕಿರಿದ ಬಡಮನೆಯೊಂದರ ದಂದಕ್ಕಿಯಲ್ಲಿ. ಯುರೋಪಿನ ಚಿತ್ರಕಾರರಿಗೆ ಊಹಿಸಲು ಕಷ್ಟವಾದ ಈ ಮನೆ ನಮ್ಮ ಮುಂಡರಗಿ, ಶಿರಹಟ್ಟಿಯ ಅಜ್ಜಿಯರಿಗೆ ಅಂಗೈ ಮೇಲಿನ ನೆಲ್ಲಿಕಾಯಿ. ಬೆತ್ಲೆಹೇಮ್ ಎಂದರೆ ‘ರೊಟ್ಟಿಯ ಮನೆ’ ಎಂಬ ಅರ್ಥವೂ ಜೋಳದ ರೊಟ್ಟಿಯ ಈ ನಾಡಿಗೆ ಪರಕೀಯವಲ್ಲ.

ಹೀಗೆಂದು ಹಳೆಯದೆಲ್ಲ ಹೊನ್ನು ಎಂದು ನಾವು ಹೇಳುತ್ತಿಲ್ಲ. ಕಲ್ಲುಮನೆ ಇದ್ದುದು ಹೊಲವಿದ್ದವರಿಗೆ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳ ಹಿರಿಯರು ಆ ದಂದಕ್ಕಿಯನ್ನು ಕಂಡದ್ದು ಒಡೆಯರಾಗಿ ಅಲ್ಲ, ಸಗಣಿ ಬಳಿಯುವ ಆಳುಗಳಾಗಿ. ಜೀತಪದ್ಧತಿಯನ್ನು ಕಾನೂನು ರದ್ದುಗೊಳಿಸಿದ್ದು 1976ರಲ್ಲಿ. ಹಗೇವಿನ ಕಾಳಿಗಾಗಿ ಕೈಯೊಡ್ಡಿದವನು ಮುಂದಿನ ಸುಗ್ಗಿಯನ್ನೇ ಒತ್ತೆಯಿಡಬೇಕಾದ ಕಾಲವೂ ಇತ್ತು. ಇಂತಹ ಸಾಲದ ಉರುಲನ್ನು ಸಡಿಲಿಸಲೆಂದೇ 1905ರಲ್ಲಿ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಕಣಜಗಳನ್ನು ಕೆಡವಿ ಇನ್ನೂ ದೊಡ್ಡವನ್ನು ಕಟ್ಟಿಸಹೊರಟ ಐಶ್ವರ್ಯವಂತನನ್ನು ಪ್ರಭು ಯೇಸು ಬುದ್ಧಿಹೀನನೆಂದದ್ದು ಕಟ್ಟಡದ ಮೇಲಿನ ಕೋಪದಿಂದಲ್ಲ. ಅವನ ಲೆಕ್ಕದಲ್ಲಿ ನೆರೆಯವನಿಗೆ ಒಂದು ಸೇರೂ ಇರಲಿಲ್ಲವೆಂಬ ಕಾರಣದಿಂದ.

ಆದರೂ ಅದೇ ಕಣದಲ್ಲಿ ಇನ್ನೊಂದು ಲೆಕ್ಕವೂ ಇತ್ತು. ರಾಶಿ ಮನೆಗೆ ಹೋಗುವ ಮುನ್ನ ಬಡಿಗ, ಕಮ್ಮಾರ, ಕುಂಬಾರ ಮೊದಲಾದ ಆಯಗಾರರಿಗೆ ಆಯ ಸಲ್ಲಬೇಕು. ಹೊಲದಲ್ಲಿ ಉಳಿದ ತೆನೆಯ ಹಕ್ಕಲನ್ನು ಬಡವರು ಆಯ್ದುಕೊಳ್ಳಬಹುದು. ಬೆತ್ಲೆಹೇಮಿನ ಹೊಲದಲ್ಲಿ ರೂತಳು ಮಾಡಿದ್ದೂ ಇದನ್ನೇ. ಆಕೆಯ ವಂಶದಲ್ಲಿಯೇ ದಾವೀದನೂ, ಕಾಲಾನಂತರದಲ್ಲಿ ನಮ್ಮ ರಕ್ಷಕನೂ ಜನಿಸಿದರು. ಇಂದಿನ ಯಂತ್ರ ಹಕ್ಕಲನ್ನು ಉಳಿಸುವುದಿಲ್ಲ. ನಮ್ಮ ಮನಸ್ಸಾದರೂ ಉಳಿಸುತ್ತಿದೆಯೇ ಎಂದು ಕೇಳಿಕೊಳ್ಳಬೇಕು.

ಈಗ ಆ ಕಲ್ಲುಮನೆಗಳು ಒಂದೊಂದಾಗಿ ಉರುಳುತ್ತಿವೆ. ಕಾರಣಗಳು ಸುಳ್ಳಲ್ಲ. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ಮೇಲ್ಮುದ್ದೆಗೆ ಮಳೆಗಾಲಕ್ಕೆ ಮುನ್ನ ಮಣ್ಣು ಹಾಕುವ ಕೈಗಳಿಲ್ಲ. 2009 ಮತ್ತು 2019ರ ಮಳೆ-ಪ್ರವಾಹಗಳಲ್ಲಿ ಉತ್ತರ ಕರ್ನಾಟಕದ ಅಸಂಖ್ಯ ಮಣ್ಣಿನ ಮನೆಗಳು ಕುಸಿದುದನ್ನು ಕಂಡವರಿಗೆ ಆರ್‌ಸಿಸಿ ಮಾಳಿಗೆಯ ಆಸೆ ತಪ್ಪೆಂದು ಹೇಳಲಾಗದು. ಒಂದು ವಸ್ತುವನ್ನು ಅರಿಯಬೇಕಾದರೆ ಅದು ಯಾವುದರಿಂದ ಆಯಿತು, ಯಾವ ರೂಪ ಪಡೆಯಿತು, ಯಾರಿಂದ ಆಯಿತು, ಯಾವುದಕ್ಕಾಗಿ ಆಯಿತು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಬೇಕೆಂದು ತತ್ತ್ವಜ್ಞಾನಿ ಅರಿಸ್ಟಾಟಲ್ ಕಲಿಸಿದನು. ದಂದಕ್ಕಿಯ ವಿಷಯದಲ್ಲಿ ಅಳಿದಿರುವುದು ನಾಲ್ಕನೆಯ ಪ್ರಶ್ನೆಯ ಉತ್ತರ ಮಾತ್ರ. ಆ ಉತ್ತರವನ್ನು ಮನುಷ್ಯ ಹೊಸದಾಗಿ ಕೊಡಬಲ್ಲ. ಕಲ್ಲೂ ರೂಪವೂ ಕಟ್ಟಿದವರ ಕೈಗುಣವೂ ಒಮ್ಮೆ ಹೋದರೆ ಮರಳಿ ಬಾರವು.

ಆದುದರಿಂದ ನಮ್ಮ ಕುಟುಂಬಗಳ ಮುಂದೆ ಮೂರು ಮಾತುಗಳನ್ನಿಡುತ್ತೇವೆ. ಗಟ್ಟಿಯಾಗಿ ನಿಂತಿರುವ ದಂದಕ್ಕಿ ಇದ್ದರೆ ಅದನ್ನು ಮಕ್ಕಳ ಓದಿನ ಕೋಣೆಯಾಗಿಯೋ, ವಾರ್ಡಿನ ಪ್ರಾರ್ಥನಾಕೂಟದ ಸ್ಥಳವಾಗಿಯೋ ಉಳಿಸಿಕೊಳ್ಳಿರಿ. ಕೆಡವಲೇಬೇಕಾದರೆ, ಕೆಡವುವ ಮುನ್ನ ಅಳತೆ ತೆಗೆದು, ಚಿತ್ರ ಹಿಡಿದು, ಅಜ್ಜ-ಅಜ್ಜಿಯರನ್ನು ಕೂರಿಸಿಕೊಂಡು ಪ್ರತಿ ಭಾಗದ ಹೆಸರನ್ನೂ ಬರೆದಿಡಿರಿ; ಅಲ್ಲಿ ದುಡಿದ ಆಳುಗಳ ನೆನಪನ್ನೂ ಬಿಡದೆ ಬರೆಯಿರಿ. ಮೂರನೆಯದಾಗಿ, ಈ ವರ್ಷದ ಕ್ರಿಸ್ಮಸ್ ಗೋದಲಿಯನ್ನು ಮೇಲ್ಮುದ್ದೆಯ ಮನೆಯಾಗಿ, ದಂದಕ್ಕಿಯೂ ಪಡಸಾಲೆಯೂ ಬೆಳಕಿಂಡಿಯೂ ಇರುವಂತೆ ಕಟ್ಟಿರಿ. 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸರು ನಿಜವಾದ ಎತ್ತು, ಕತ್ತೆ, ಹುಲ್ಲುಗಳ ನಡುವೆ ಪೂಜೆ ನಡೆಯುವಂತೆ ಮಾಡಿದ್ದು, ರಕ್ಷಕನು ತಮ್ಮ ಊರಿನಲ್ಲೇ ಹುಟ್ಟಿದಂತೆ ಜನರು ಕಾಣಲೆಂದು. ಅದನ್ನು ನಾವು ನಮ್ಮ ಊರಿನಲ್ಲಿ ಮಾಡುವುದು ಹೊಸತನವಲ್ಲ, ಪರಂಪರೆಯೇ ಸರಿ.

ಅಂತಹ ಗೋದಲಿಯನ್ನು ನೋಡಿದ ಮಗು ‘ಇದು ಯಾರ ಮನೆ?’ ಎಂದು ಕೇಳಿದರೆ, ‘ನಿನ್ನ ಮುತ್ತಜ್ಜನ ಕಾಲದ ಮನೆ, ದೇವರು ಇಂಥದ್ದೇ ಮನೆಗೆ ಬಂದರು’ ಎಂದು ಹೇಳಬಹುದು. ಹಾಗೆ ಹೇಳಿದ ಮೇಲೆ ಗೋದಲಿಯ ಪಕ್ಕದಲ್ಲಿ ಒಂದು ಬುಟ್ಟಿಯನ್ನಿಟ್ಟು, ಬಂದವರೆಲ್ಲ ಒಂದು ಸೇರು ಜೋಳವನ್ನು ನೆರೆಯ ಬಡವರಿಗಾಗಿ ಸುರಿದು ಹೋಗಲಿ. ಆಗ ಆಯವೂ ಸಲ್ಲುತ್ತದೆ, ಹಕ್ಕಲೂ ಉಳಿಯುತ್ತದೆ.